ಹುಮ್ಮಸ್ಸಿಗಾಗಿ ಕಾಯಬೇಡಿ: ನಾಯಕತ್ವ, ಶಿಸ್ತು, ಪ್ರೇರಣೆ ಮೂರನ್ನೂ ಕೆಲಸಕ್ಕೆ ಹಚ್ಚುವ ಬಗೆ

ಒಂದು ಒಳ್ಳೆಯ ಭಾಷಣ ಕೇಳುತ್ತೇವೆ. ಮೈ ಜುಮ್ಮೆನ್ನುತ್ತದೆ. ನಾಳೆಯಿಂದ ಬೆಳಿಗ್ಗೆ ಐದಕ್ಕೆ ಏಳುವುದು, ಓದುವುದು, ಓಡುವುದು, ದುಡ್ಡು ಉಳಿಸುವುದು ಎಲ್ಲಾ ಶುರು ಎಂದು ತೀರ್ಮಾನಿಸುತ್ತೇವೆ. ಮೂರ್ನಾಲ್ಕು ದಿನ ನಡೆಯುತ್ತದೆ. ಆಮೇಲೆ ಒಂದು ದಿನ ತಲೆನೋವು, ಮರುದಿನ ಆಫೀಸಿನ ಕೆಲಸ. ವಾರ ಕಳೆಯುವಷ್ಟರಲ್ಲಿ ಎಲ್ಲವೂ ಮೊದಲಿನಂತೆ. "ನನಗೆ ಶಿಸ್ತೇ ಇಲ್ಲ" ಎಂದು ನಮ್ಮನ್ನು ನಾವೇ ಬೈದುಕೊಂಡು ಸುಮ್ಮನಾಗುತ್ತೇವೆ, ಅಲ್ವಾ?

ಇಲ್ಲಿ ಕೆಟ್ಟಿರುವುದು ಸರದಿ ಎಂದು ನನಗನ್ನಿಸುತ್ತದೆ. ಮೊದಲು ಹುಮ್ಮಸ್ಸು ಬರಬೇಕು, ಅದರಿಂದ ಶಿಸ್ತು ಬರಬೇಕು, ನಾಯಕತ್ವ ಎನ್ನುವುದು ಮೇಲಧಿಕಾರಿಗಳಿಗೆ ಬಿಟ್ಟದ್ದು ಎಂದು ಹೆಚ್ಚಿನವರು ಅಂದುಕೊಂಡಿದ್ದಾರೆ. ಇದನ್ನು ತಿರುಗಿಸಿ ಹಾಕಿ ನೋಡಿ. ಮೊದಲು ನಾಯಕತ್ವ, ಅಂದರೆ ಎಲ್ಲಿಗೆ ಹೋಗಬೇಕು, ಅದಕ್ಕಾಗಿ ಏನನ್ನು ಬಿಡಬೇಕು ಎಂದು ನಿಮ್ಮ ಪರವಾಗಿ ನೀವೇ ತೀರ್ಮಾನ ಮಾಡುವುದು. ಆಮೇಲೆ ಶಿಸ್ತು, ಅಂದರೆ ಆ ತೀರ್ಮಾನ ಸುಸ್ತಾದ ದಿನವೂ ನಡೆಯುವಂತೆ ಏರ್ಪಾಡು ಮಾಡಿಡುವುದು. ಹುಮ್ಮಸ್ಸು ಹೆಚ್ಚಾಗಿ ಕೆಲಸ ಸ್ವಲ್ಪ ಸಾಗಿದ ಮೇಲೆ ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ.

ಕೆಳಗಿನ ಹಂತಗಳು ಉದ್ಯೋಗ ಅಥವಾ ಓದಿನ ಜೊತೆಗೆ ಬೇರೇನನ್ನೋ ಸಾಧಿಸಬೇಕು ಎಂದಿರುವವರಿಗೆ: ಒಂದು ಪರೀಕ್ಷೆ, ಹೊಸ ಕೌಶಲ, ಆರೋಗ್ಯ, ಸ್ವಂತ ವ್ಯವಹಾರ, ಹೀಗೆ. ಒಂದು ನೋಟ್‌ಬುಕ್, ಒಂದು ಪೆನ್ನು ಇದ್ದರೆ ಸಾಕು.

ಹಂತ 1: ಒಂದನ್ನು ಆರಿಸಿ, ಉಳಿದದ್ದಕ್ಕೆ "ಈಗ ಬೇಡ" ಎನ್ನಿ

ನಿಮಗೆ ಬೇಕಾದುದನ್ನೆಲ್ಲ ಒಂದು ಪುಟದಲ್ಲಿ ಬರೆಯಿರಿ. ಅದರಲ್ಲಿ ಮುಂದಿನ ಮೂರು ತಿಂಗಳಿಗೆ ಒಂದನ್ನು ಮಾತ್ರ ಉಳಿಸಿಕೊಳ್ಳಿ. ಉಳಿದವನ್ನು ಅಳಿಸಬೇಕಾಗಿಲ್ಲ, ಇನ್ನೊಂದು ಪುಟಕ್ಕೆ ಸಾಗಿಸಿ. ಕೇಳಲು ಸುಲಭ, ಮಾಡುವಾಗ ಹೊಟ್ಟೆ ಉರಿಯುತ್ತದೆ. ಆದರೆ ತಂಡ ನಡೆಸುವವರ ಮೊದಲ ಕೆಲಸವೂ ಇದೇ ತಾನೇ? ಹತ್ತು ಒಳ್ಳೆಯ ಕೆಲಸಗಳಲ್ಲಿ ಒಂಬತ್ತನ್ನು ಸದ್ಯಕ್ಕೆ ಬದಿಗಿಡುವ ಧೈರ್ಯ.

ಅಮೆರಿಕದ ಹೆಸರಾಂತ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ಯುವಕನಾಗಿದ್ದಾಗ ತಾನು ರೂಢಿಸಿಕೊಳ್ಳಬೇಕಾದ 13 ಗುಣಗಳ ಪಟ್ಟಿ ಮಾಡಿದ್ದ. ಎಲ್ಲದಕ್ಕೂ ಒಮ್ಮೆಲೇ ಕೈ ಹಾಕಲಿಲ್ಲ. ವಾರಕ್ಕೊಂದು ಗುಣಕ್ಕೆ ಹೆಚ್ಚಿನ ಗಮನ, ತಪ್ಪಿದಾಗೆಲ್ಲ ಚಿಕ್ಕ ಪುಸ್ತಕದಲ್ಲಿ ಒಂದು ಕಪ್ಪು ಚುಕ್ಕಿ. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಸಾಮಾನುಗಳನ್ನು, ಕೆಲಸಗಳನ್ನು ಒಪ್ಪವಾಗಿ ಇಟ್ಟುಕೊಳ್ಳುವ ಗುಣ ಮಾತ್ರ ತನಗೆ ಕೊನೆಗೂ ಸರಿಯಾಗಿ ಬರಲಿಲ್ಲ ಎಂದು ಅವನೇ ಬರೆದುಕೊಂಡಿದ್ದಾನೆ. ಮೇಜಿನ ಮೇಲೆ ಕಾಗದದ ರಾಶಿ ಇಟ್ಟುಕೊಂಡವರಿಗೆ ಇದು ಸಮಾಧಾನದ ಮಾತು.

ಆರಿಸಿದ ಗುರಿಯನ್ನು ಸ್ಪಷ್ಟವಾಗಿ ಬರೆಯಿರಿ. ಗುರಿಗಳ ಬಗ್ಗೆ ದಶಕಗಳ ಕಾಲ ಅಧ್ಯಯನ ಮಾಡಿದ ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಕಂಡುಕೊಂಡದ್ದು ಇದು: "ಕೈಲಾದಷ್ಟು ಮಾಡಿ" ಎಂದು ಹೇಳಿಸಿಕೊಂಡವರಿಗಿಂತ, ನಿರ್ದಿಷ್ಟವಾದ ಮತ್ತು ಸ್ವಲ್ಪ ಕಷ್ಟದ ಗುರಿ ಇರುವವರು ಚೆನ್ನಾಗಿ ಕೆಲಸ ಮಾಡುತ್ತಾರೆ. "ಇಂಗ್ಲಿಷ್ ಸುಧಾರಿಸಬೇಕು" ಎನ್ನುವ ಬದಲು "ಮೂರು ತಿಂಗಳ ಕೊನೆಗೆ ಹತ್ತು ನಿಮಿಷ ನಿಲ್ಲದೆ ಇಂಗ್ಲಿಷಿನಲ್ಲಿ ಮಾತಾಡಿ ರೆಕಾರ್ಡ್ ಮಾಡಬೇಕು" ಎಂದು ಬರೆಯಿರಿ. ಇಲ್ಲೊಂದು ಎಚ್ಚರಿಕೆ ಇದೆ. ಕೆಲಸ ಪೂರ್ತಿ ಹೊಸದಾಗಿದ್ದರೆ ಅಂಕ, ಹಣ, ತೂಕದಂಥ ಫಲಿತಾಂಶದ ಗುರಿ ಶುರುವಿನಲ್ಲೇ ಬೇಡ. ಅದು ಗಾಬರಿ ಹುಟ್ಟಿಸುತ್ತದೆ. "ಈ ತಿಂಗಳು ಇದನ್ನು ಮಾಡುವ ಮೂರು ವಿಧಾನ ಕಲಿಯುತ್ತೇನೆ" ಎಂಬ ಕಲಿಕೆಯ ಗುರಿ ಆಗ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಂತ 2: ಇದು ಯಾರ ಆಸೆ ಎಂದು ಕೇಳಿಕೊಳ್ಳಿ

ಗುರಿಯ ಕೆಳಗೆ "ಇದು ನನಗೆ ಯಾಕೆ ಬೇಕು?" ಎಂದು ಬರೆದು ಉತ್ತರಿಸಿ. ಯಾರೂ ಓದುವುದಿಲ್ಲ, ನಿಜ ಬರೆಯಿರಿ. ಜನ ಮೆಚ್ಚಲಿ ಎಂದಿರಬಹುದು, ಅಪ್ಪ ಅಮ್ಮನ ಒತ್ತಾಯ ಇರಬಹುದು, ಹೋಲಿಕೆಯ ಉರಿ ಇರಬಹುದು. ಅದ್ಯಾವುದೂ ಅಪರಾಧವಲ್ಲ. ಆದರೆ ಕಾರಣಗಳ ಪಟ್ಟಿಯಲ್ಲಿ ನಿಮ್ಮದು ಎನ್ನುವಂಥ ಒಂದಾದರೂ ಇರಬೇಕು.

1971ರಲ್ಲಿ ಎಡ್ವರ್ಡ್ ಡೆಸಿ ಎಂಬ ಮನಶ್ಶಾಸ್ತ್ರಜ್ಞ ಕಾಲೇಜು ವಿದ್ಯಾರ್ಥಿಗಳಿಗೆ ಬಿಡಿಸಲು ಮಜಾ ಎನಿಸುವ ಒಗಟಿನ ತುಂಡುಗಳನ್ನು ಕೊಟ್ಟ. ಒಂದು ಗುಂಪಿಗೆ ನಡುವೆ ಒಂದು ಸುತ್ತಿನಲ್ಲಿ, ಬಿಡಿಸಿದ ಪ್ರತಿ ಒಗಟಿಗೂ ಹಣ ಸಿಕ್ಕಿತು. ಮುಂದಿನ ಸುತ್ತಿನಲ್ಲಿ ಹಣ ನಿಂತಾಗ, ಬಿಡುವಿನ ಸಮಯದಲ್ಲಿ ಆ ಗುಂಪು ಒಗಟನ್ನು ಮುಟ್ಟುವುದು ಕಡಿಮೆಯಾಯಿತು. 1973ರಲ್ಲಿ ಚಿತ್ರ ಬರೆಯಲು ಇಷ್ಟಪಡುವ ಪುಟ್ಟ ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲೂ ಹೀಗೇ ಆಯಿತು. ಬಹುಮಾನ ಕೊಡುತ್ತೇವೆ ಎಂದು ಮೊದಲೇ ಹೇಳಿಸಿಕೊಂಡ ಮಕ್ಕಳು ಮುಂದೆ ತಾವಾಗಿ ಚಿತ್ರ ಬರೆಯುವುದನ್ನು ಕಡಿಮೆ ಮಾಡಿದರು. ಹೇಳದೆ ಕೊನೆಗೆ ಬಹುಮಾನ ಪಡೆದ ಮಕ್ಕಳ ಆಸಕ್ತಿ ಹಾಗೆ ಕುಗ್ಗಲಿಲ್ಲ.

ಹಾಗಾಗಿ "ಒಂದು ಪಾಠ ಓದಿದರೆ ಒಂದು ಎಪಿಸೋಡ್ ನೋಡುತ್ತೇನೆ" ಎಂಬ ಕೂಲಿ ಲೆಕ್ಕವನ್ನು ನಿಮಗೆ ಇಷ್ಟವಿರುವ ಕೆಲಸಕ್ಕೆ ಹಚ್ಚಬೇಡಿ. ಬೋರಾಗುವ ಕೆಲಸಕ್ಕೆ, ಫೈಲ್ ಜೋಡಿಸುವುದು, ಲೆಕ್ಕ ತುಂಬುವುದು ಇಂಥದ್ದಕ್ಕೆ, ಧಾರಾಳವಾಗಿ ಹಚ್ಚಿ.

ಡೆಸಿ ಮತ್ತು ರಿಚರ್ಡ್ ರಯಾನ್ ಮುಂದೆ ಹೇಳಿದ ಮೂರು ಅಗತ್ಯಗಳು ಇಲ್ಲಿ ಅಳತೆಗೋಲಾಗಿ ಬರುತ್ತವೆ: ನನ್ನ ಇಚ್ಛೆಯಿಂದ ಮಾಡುತ್ತಿದ್ದೇನೆ ಎನ್ನುವುದು, ನನಗೆ ಇದು ಬರುತ್ತಿದೆ ಎನ್ನುವುದು, ಜೊತೆಗೆ ಯಾರೋ ಇದ್ದಾರೆ ಎನ್ನುವುದು. ಹುಮ್ಮಸ್ಸು ಸತ್ತಿದೆ ಎನಿಸಿದಾಗ ಇವುಗಳಲ್ಲಿ ಯಾವುದು ಕೊರತೆಯಾಗಿದೆ ನೋಡಿ. ಕೆಲಸ ಹೇರಿದ್ದಾದರೂ, ಯಾವಾಗ ಮಾಡಬೇಕು, ಯಾವ ಭಾಗದಿಂದ ಶುರು ಮಾಡಬೇಕು ಎನ್ನುವುದನ್ನು ನೀವೇ ಆರಿಸಬಹುದು. ಏನೂ ಬರುತ್ತಿಲ್ಲ ಎನಿಸಿದರೆ ಒಂದು ಮೆಟ್ಟಿಲು ಕೆಳಗಿಳಿದು ಸುಲಭದ್ದನ್ನು ಮಾಡಿ. ಒಂಟಿ ಎನಿಸಿದರೆ ಒಬ್ಬ ಜೊತೆಗಾರರನ್ನು ಹುಡುಕಿ. ಭಾಷಣದ ವೀಡಿಯೊ ಈ ಮೂರರಲ್ಲಿ ಯಾವುದನ್ನೂ ತುಂಬಿಕೊಡುವುದಿಲ್ಲ.

ಹಂತ 3: ಅಡ್ಡಿಯನ್ನು ಮೊದಲೇ ಬರೆದಿಡಿ

ನನಗೆ ಕೇಳಿದರೆ ಇಡೀ ಲೇಖನದಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರುವುದು ಈ ಹಂತ. ಬೇರೆ ಯಾವುದನ್ನೂ ಮಾಡದಿದ್ದರೂ ಇದನ್ನು ಮಾಡಿ.

ಗೆದ್ದಂತೆ ಕಲ್ಪಿಸಿಕೊಳ್ಳಿ, ಗೆಲ್ಲುತ್ತೀರಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಗೇಬ್ರಿಯಲ್ ಓಟಿಂಗನ್ ಎಂಬ ಸಂಶೋಧಕಿ ಇದನ್ನು ಪರೀಕ್ಷಿಸಿದಾಗ ಕಂಡದ್ದು ಬೇರೆ. ಗೆಲುವಿನ ಸಿಹಿ ಕನಸಿನಲ್ಲೇ ಮುಳುಗಿದವರು ಕಡಿಮೆ ಶ್ರಮ ಹಾಕುತ್ತಿದ್ದರು. ಗುರಿಯನ್ನು ನೆನೆದು, ತಕ್ಷಣ ದಾರಿಯಲ್ಲಿರುವ ಅಡ್ಡಿಯನ್ನೂ ನೆನೆದವರು ಮುಂದೆ ಹೋಗುತ್ತಿದ್ದರು.

ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆಯಿರಿ. ಎಡಕ್ಕೆ, ನಿಮ್ಮನ್ನು ನಿಜವಾಗಿ ನಿಲ್ಲಿಸುವ ಅಡ್ಡಿಗಳು. "ಸಮಯ ಇಲ್ಲ" ಎಂದು ಬರೆಯಬೇಡಿ, ಅದು ಎಲ್ಲರೂ ಹೇಳುವ ಮಾತು. "ಮನೆಗೆ ಬಂದು ಸೋಫಾದಲ್ಲಿ ಕೂತೆನೆಂದರೆ ಎದ್ದೇಳುವುದು ಒಂದು ಗಂಟೆ ಆದ ಮೇಲೆ" ಎಂದು ಬರೆಯಿರಿ. ಬಲಕ್ಕೆ, ಆ ಅಡ್ಡಿ ಬಂದಾಗ ಏನು ಮಾಡುತ್ತೀರಿ ಎಂದು "ಹೀಗಾದರೆ ಹೀಗೆ" ರೂಪದಲ್ಲಿ ಬರೆಯಿರಿ:

ಮನೆಯ ಬಾಗಿಲು ತೆರೆದ ಕೂಡಲೇ ಚೀಲವನ್ನು ಓದುವ ಮೇಜಿನ ಮೇಲೇ ಇಡುತ್ತೇನೆ, ಅಲ್ಲೇ ಕೂರುತ್ತೇನೆ.

ಲೆಕ್ಕ ಬಿಡಿಸುವಾಗ ಹತ್ತು ನಿಮಿಷ ಸಿಕ್ಕಿಹಾಕಿಕೊಂಡರೆ ಉತ್ತರದ ಮೊದಲ ಸಾಲು ಮಾತ್ರ ನೋಡುತ್ತೇನೆ.

ಗೆಳೆಯರು ಹೊರಗೆ ಕರೆದರೆ "ಎಂಟು ಗಂಟೆ ಆದ ಮೇಲೆ ಬರುತ್ತೇನೆ" ಎನ್ನುತ್ತೇನೆ.

ರಾತ್ರಿ ತಡವಾಗಿ ಬಂದರೆ ಐದು ನಿಮಿಷ ಮಾತ್ರ ಪುಟ ತಿರುಗಿಸಿ ಮಲಗುತ್ತೇನೆ.

ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ಈ ಬಗೆಯ ಯೋಜನೆಗಳನ್ನು ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. 2006ರಲ್ಲಿ ಅವರು ಮತ್ತು ಪಾಸ್ಕಲ್ ಶೀರನ್ 94 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಬರೀ ಗುರಿ ಇಟ್ಟುಕೊಂಡವರಿಗಿಂತ ಹೀಗೆ ಯಾವಾಗ, ಎಲ್ಲಿ, ಹೇಗೆ ಎಂದು ಮೊದಲೇ ನಿಶ್ಚಯಿಸಿದವರು ಗುರಿ ತಲುಪುವುದು ಸಾಕಷ್ಟು ಹೆಚ್ಚು ಎಂದು ಕಂಡಿತು. ಕಾರಣ ಸರಳ. ದಣಿದ ಹೊತ್ತಿನಲ್ಲಿ ಯೋಚಿಸಿ ತೀರ್ಮಾನ ಮಾಡುವುದು ಕಷ್ಟ. ತೀರ್ಮಾನ ಆಗಲೇ ಆಗಿದ್ದರೆ, ಆ ಸನ್ನಿವೇಶ ಎದುರಾದಾಗ ಮಾಡಬೇಕಾದ್ದು ತಾನೇ ನೆನಪಿಗೆ ಬರುತ್ತದೆ.

ಒಮ್ಮೆಗೆ ಎರಡು ಅಥವಾ ಮೂರು ಸಾಲು ಸಾಕು. ಇಪ್ಪತ್ತು ಬರೆದರೆ ಒಂದೂ ನೆನಪಿರುವುದಿಲ್ಲ. ಬಲಗಡೆಯ ಸಾಲು ಕೈಕಾಲಿನಿಂದ ಮಾಡುವಂಥದ್ದಾಗಿರಲಿ. "ಸೋಮಾರಿತನ ಬಂದರೆ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತೇನೆ" ಎಂಬುದು ಯೋಜನೆಯೇ ಅಲ್ಲ.

ಹಂತ 4: ಮನಸ್ಸಿಗಿಂತ ಮೊದಲು ಕೋಣೆಯನ್ನು ಸರಿಮಾಡಿ

ಶಿಸ್ತಿನ ಜನ ಎಂದರೆ ಹಲ್ಲು ಕಚ್ಚಿ ಆಸೆಯನ್ನು ತಡೆಯುವವರು ಎಂಬ ಚಿತ್ರ ನಮ್ಮ ತಲೆಯಲ್ಲಿದೆ. 2012ರಲ್ಲಿ ವಿಲ್ಹೆಲ್ಮ್ ಹಾಫ್‌ಮನ್ ಮತ್ತು ಸಂಗಡಿಗರು ಜರ್ಮನಿಯಲ್ಲಿ 200ಕ್ಕೂ ಹೆಚ್ಚು ಜನರನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ "ಈಗ ಯಾವ ಆಸೆ ಬಂದಿದೆ? ತಡೆಯುತ್ತಿದ್ದೀರಾ?" ಎಂದು ಕೇಳಿ ನೋಡಿದರು. ಸ್ವನಿಯಂತ್ರಣ ಹೆಚ್ಚಿರುವವರಿಗೆ ಅಂಥ ಹೊಯ್ದಾಟವೇ ಕಡಿಮೆ ಬರುತ್ತಿತ್ತು. ಸೆಳೆತ ಎದುರಾಗದಂತೆ ಬದುಕನ್ನು ಜೋಡಿಸಿಕೊಂಡರೆ ತಡೆಯುವ ಪ್ರಸಂಗವೇ ಬರುವುದಿಲ್ಲ ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು.

ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಪುಟ್ಟ ಮಕ್ಕಳ ಮೇಲೆ ನಡೆಸಿದ ಹೆಸರಾಂತ ಪ್ರಯೋಗದಲ್ಲೂ ಅಷ್ಟೇ. ಈಗಲೇ ಒಂದು ಮಿಠಾಯಿ, ಕಾದರೆ ಎರಡು. ಮಿಠಾಯಿ ಕಣ್ಣೆದುರು ಇರುವುದಕ್ಕಿಂತ ಮುಚ್ಚಿಟ್ಟಾಗ ಮಕ್ಕಳು ಹೆಚ್ಚು ಹೊತ್ತು ಕಾಯುತ್ತಿದ್ದರು. ಹಾಡು ಹೇಳಿಕೊಂಡು, ಬೇರೇನೋ ನೆನೆದುಕೊಂಡು ಮನಸ್ಸನ್ನು ಆಚೆ ಕಳಿಸಿದವರೂ ಕಾದರು. ಅಂದಹಾಗೆ, ಹೀಗೆ ಕಾದ ಮಗು ಮುಂದೆ ಬದುಕಿನಲ್ಲಿ ಗೆಲ್ಲುತ್ತದೆ ಎಂಬ ಕಥೆ ತುಂಬಾ ಹಬ್ಬಿದೆ. 2018ರಲ್ಲಿ ಹೆಚ್ಚು ಮಕ್ಕಳನ್ನಿಟ್ಟುಕೊಂಡು ನೋಡಿದಾಗ ಆ ಸಂಬಂಧ ಬಹಳ ದುರ್ಬಲವಾಗಿತ್ತು. ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಅದು ಇನ್ನಷ್ಟು ಕುಗ್ಗಿತು. ಶಿಸ್ತೊಂದೇ ಎಲ್ಲವನ್ನೂ ತಂದುಕೊಡುತ್ತದೆ ಎನ್ನುವವರನ್ನು ನಾನು ಪೂರ್ತಿ ನಂಬುವುದಿಲ್ಲ. ದುಡ್ಡು, ಆರೋಗ್ಯ, ಅವಕಾಶ, ಅದೃಷ್ಟ ಎಲ್ಲದಕ್ಕೂ ಪಾಲಿದೆ.

ಮಾಡಬೇಕಾದ್ದು ಇಷ್ಟು. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ, ಮೇಜಿನ ಮೇಲೆ ತಿರುಗಿಸಿ ಇಟ್ಟರೆ ಸಾಲದು. ನಾಳೆಯ ಕೆಲಸಕ್ಕೆ ಬೇಕಾದ ಪುಸ್ತಕ, ಶೂ, ಫೈಲ್ ಇಂದೇ ಎದುರಿಗೆ ಬರಲಿ. ಪುಸ್ತಕವನ್ನು ಮುಚ್ಚಿಡುವ ಮೊದಲು ನಾಳೆ ಶುರು ಮಾಡುವ ಜಾಗಕ್ಕೆ ಒಂದು ಗುರುತು ಹಾಕಿ. ಬೇಕಾದ ಕೆಲಸ ಕೈಗೆ ಹತ್ತಿರ, ಬೇಡದ್ದು ಎದ್ದು ಹೋಗಿ ತರಬೇಕಾದಷ್ಟು ದೂರ.

ಹಂತ 5: ಕೆಟ್ಟ ದಿನದ ಅಳತೆ ಇಟ್ಟುಕೊಳ್ಳಿ

ನಿಮ್ಮ ಕೆಲಸಕ್ಕೆ ಎರಡು ಅಳತೆ ಬೇಕು. ಒಳ್ಳೆಯ ದಿನಕ್ಕೆ ಒಂದು ಗಂಟೆ ಎಂದಿದ್ದರೆ, ಕೆಟ್ಟ ದಿನಕ್ಕೆ ಐದು ನಿಮಿಷ. ಆ ಐದು ನಿಮಿಷದಿಂದ ಪಾಠ ಮುಗಿಯುವುದಿಲ್ಲ, ನಿಜ. ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕೂರುವ ರೂಢಿ ಮಾತ್ರ ಕಡಿಯುವುದಿಲ್ಲ. ಎಷ್ಟೋ ಸಲ ಐದು ನಿಮಿಷಕ್ಕೆಂದು ಕೂತವರು ಇಪ್ಪತ್ತು ನಿಮಿಷ ಆದ ಮೇಲೆ ಏಳುತ್ತಾರೆ. ಹುಮ್ಮಸ್ಸು ಹಿಂದಿನಿಂದ ಬರುತ್ತದೆ ಎಂದೆನಲ್ಲ, ಬರುವುದು ಇಲ್ಲಿ.

21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ ಎಂಬ ಮಾತನ್ನು ಮರೆತುಬಿಡಿ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಕೆಲಸ ಯೋಚಿಸದೆ ನಡೆಯುವಷ್ಟು ರೂಢಿಯಾಗಲು ಬೇಕಾದ ಅವಧಿ 18 ದಿನದಿಂದ 254 ದಿನದವರೆಗೂ ಹರಡಿತ್ತು (12 ವಾರ ಮೀರಿದ್ದು ಲೆಕ್ಕ ಮುಂದುವರಿಸಿ ಮಾಡಿದ ಅಂದಾಜು). ಮಧ್ಯದ ಅಂಕಿ 66. ಒಂದು ಲೋಟ ನೀರು ಕುಡಿಯುವಂಥ ಸಣ್ಣ ಕೆಲಸ ಬೇಗ ಕೂತಿತು, ವ್ಯಾಯಾಮ ನಿಧಾನವಾಯಿತು. ನಿಮ್ಮ ಗೆಳೆಯನಿಗೆ ಮೂರು ವಾರದಲ್ಲಿ ಬಂದದ್ದು ನಿಮಗೆ ಮೂರು ತಿಂಗಳಾದರೂ ಬರದಿದ್ದರೆ ಅದರಲ್ಲಿ ವಿಚಿತ್ರ ಏನಿಲ್ಲ. ಅದೇ ಅಧ್ಯಯನದಲ್ಲಿ, ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗಲಿಲ್ಲ.

ತಪ್ಪಿದ ದಿನ ಏನು ಮಾಡಬೇಕು? ಬೈದುಕೊಂಡರೆ ಶಿಸ್ತು ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. 2010ರಲ್ಲಿ ಪ್ರಕಟವಾದ ಮೈಕಲ್ ವೋಲ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಹಾಗಾಗಿ ಕ್ಯಾಲೆಂಡರಿನಲ್ಲಿ ಆ ದಿನವನ್ನು ಖಾಲಿ ಬಿಡಿ, ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ, ನಾಳೆ ಕೆಟ್ಟ ದಿನದ ಅಳತೆಯಿಂದಲೇ ಶುರು ಮಾಡಿ. ಬಿಟ್ಟುಹೋದದ್ದನ್ನು ಸೇರಿಸಿ ಎರಡು ಗಂಟೆ ಮಾಡುತ್ತೇನೆ ಎನ್ನಬೇಡಿ. ಆ ಎರಡು ಗಂಟೆಯ ಭಯಕ್ಕೇ ಎರಡನೇ ದಿನವೂ ತಪ್ಪುತ್ತದೆ.

ಹಂತ 6: ವಾರಕ್ಕೊಮ್ಮೆ ಅರ್ಧ ಗಂಟೆ ನಾಯಕರಾಗಿ

ದಿನದ ಕೆಲಸ ಮಾಡುವಾಗ ಪದೇ ಪದೇ "ಈ ಗುರಿ ಸರಿಯೇ?" ಎಂದು ಕೇಳಿಕೊಂಡರೆ ಕೆಲಸ ನಡೆಯುವುದಿಲ್ಲ. ಎಂದೂ ಕೇಳಿಕೊಳ್ಳದಿದ್ದರೆ ತಪ್ಪು ದಾರಿಯಲ್ಲಿ ಶಿಸ್ತಾಗಿ ನಡೆಯುತ್ತಾ ಹೋಗುತ್ತೀರಿ. ಎರಡನೆಯದು ಹೆಚ್ಚು ಅಪಾಯ, ಯಾಕೆಂದರೆ ಹೊರಗಿನಿಂದ ಅದು ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಪ್ರಶ್ನೆಗಳಿಗೆಂದೇ ವಾರದಲ್ಲಿ ಅರ್ಧ ಗಂಟೆ ಮೀಸಲಿಡಿ.

ಧ್ರುವ ಪ್ರದೇಶದ ಅನ್ವೇಷಕ ಅರ್ನೆಸ್ಟ್ ಶಾಕಲ್ಟನ್ ಕಥೆ ಇಲ್ಲಿ ನೆನಪಾಗುತ್ತದೆ. 1914ರಲ್ಲಿ ಅವನು ಹೊರಟದ್ದು ಅಂಟಾರ್ಕ್ಟಿಕಾ ಖಂಡವನ್ನು ಈ ತುದಿಯಿಂದ ಆ ತುದಿಗೆ ದಾಟಲು. 1915ರ ಜನವರಿಯಲ್ಲಿ ಅವನ ಹಡಗು ಎಂಡ್ಯೂರೆನ್ಸ್ ಹಿಮಗಡ್ಡೆಗಳ ನಡುವೆ ಸಿಕ್ಕಿಕೊಂಡಿತು. ತಿಂಗಳುಗಟ್ಟಲೆ ಹಿಮ ಅದನ್ನು ಹಿಸುಕಿತು, ನವೆಂಬರಿನಲ್ಲಿ ಅದು ಮುಳುಗಿತು. ಹಳೆಯ ಗುರಿ ಅಲ್ಲಿಗೆ ಸತ್ತಿತು. ಅವನು ಹೊಸ ಗುರಿ ಇಟ್ಟುಕೊಂಡ: ಎಲ್ಲರನ್ನೂ ಜೀವಂತ ಮನೆಗೆ ಕರೆದೊಯ್ಯುವುದು. ಭಾರ ಕಡಿಮೆ ಮಾಡಲು ಒಬ್ಬೊಬ್ಬರಿಗೂ ಒಂದು ಕೆಜಿಗಿಂತ ಕಡಿಮೆ ಸ್ವಂತ ಸಾಮಾನು ಮಾತ್ರ ಎಂದು ಕಟ್ಟಪ್ಪಣೆ ಮಾಡಿದ. ಆದರೆ ಹವಾಮಾನ ನೋಡುತ್ತಿದ್ದ ಹಸ್ಸಿಯ ಬ್ಯಾಂಜೊ ವಾದ್ಯವನ್ನು ಬಿಡಲು ಒಪ್ಪಲಿಲ್ಲ, ಜನರ ಮನಸ್ಸಿಗೆ ಅದು ಬೇಕು ಎಂದ. ಕೊನೆಗೆ ಐವರೊಂದಿಗೆ ಸಣ್ಣ ದೋಣಿಯಲ್ಲಿ ಕಡಲು ದಾಟಿ ಸಹಾಯ ತಂದ. 1916ರ ಆಗಸ್ಟ್ ಕೊನೆಗೆ ಉಳಿದವರ ರಕ್ಷಣೆಯೂ ಆಯಿತು. ಆ ಹಡಗಿನಲ್ಲಿದ್ದ 28 ಜನರೂ ಬದುಕಿದರು.

ಗುರಿ ಬದಲಿಸುವ ಧೈರ್ಯ, ಸಾಮಾನಿನ ಕಟ್ಟುನಿಟ್ಟು, ಬ್ಯಾಂಜೊ. ಮೂರೂ ಒಬ್ಬನೇ ಮನುಷ್ಯನ ತೀರ್ಮಾನಗಳು.

ನಿಮ್ಮ ಅರ್ಧ ಗಂಟೆಯಲ್ಲಿ ಕಳೆದ ವಾರದ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೇಳಿಕೊಳ್ಳಿ. ಎಲ್ಲಿ ತಪ್ಪಿತು, ಪ್ರತಿ ಸಲವೂ ಒಂದೇ ಕಾರಣವೇ? ಒಂದೇ ಕಾರಣವಾದರೆ ಅದಕ್ಕೊಂದು ಹೊಸ "ಹೀಗಾದರೆ ಹೀಗೆ" ಸಾಲು ಬೇಕು. ಗುರಿ ಇನ್ನೂ ಬೇಕೇ? ಬೇಡವಾದರೆ ಇಲ್ಲೇ ಬಿಡಿ, ಸುಸ್ತಾದ ಮಂಗಳವಾರದ ರಾತ್ರಿ ಮಾತ್ರ ಆ ತೀರ್ಮಾನ ಮಾಡಬೇಡಿ. ಈ ವಾರ ಮನಸ್ಸಿಗೆ ಖುಷಿ ಕೊಡುವ ಯಾವುದನ್ನು ಉಳಿಸಿಕೊಂಡಿದ್ದೇನೆ? ಶಿಸ್ತಿನ ಹೆಸರಿನಲ್ಲಿ ಸಂಗೀತ, ಆಟ, ಗೆಳೆತನ ಎಲ್ಲವನ್ನೂ ಕತ್ತರಿಸಿದವರು ಹೆಚ್ಚು ದಿನ ಬಾಳಿಕೆ ಬರುವುದಿಲ್ಲ.

ಹಂತ 7: ಬೇರೆಯವರನ್ನು ನಡೆಸುವಾಗ

ಮನೆಯಲ್ಲೋ ಕೆಲಸದಲ್ಲೋ ನಿಮ್ಮ ಕೈಕೆಳಗೆ ಜನ ಇದ್ದರೆ ಮೇಲಿನದೇ ಕ್ರಮ, ಒಂದು ಸೇರ್ಪಡೆಯೊಂದಿಗೆ. ತಪ್ಪನ್ನು ಹೇಳಿಕೊಂಡವರನ್ನು ಶಿಕ್ಷಿಸಬೇಡಿ. ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳ ತಂಡಗಳನ್ನು ಅಧ್ಯಯನ ಮಾಡುವಾಗ, ಚೆನ್ನಾಗಿ ನಡೆಯುವ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿರುವುದನ್ನು ಕಂಡರು. ಅಲ್ಲಿನವರು ತಪ್ಪನ್ನು ಬಾಯಿಬಿಟ್ಟು ಹೇಳಲು ಹೆದರುತ್ತಿರಲಿಲ್ಲ, ಅದಕ್ಕೆ. ಗುರಿ ಏನು ಎಂದು ನೀವು ಹೇಳಿ, ಹೇಗೆ ಎನ್ನುವುದನ್ನು ಆದಷ್ಟು ಅವರಿಗೇ ಬಿಡಿ.

ಇದು ಶಿಸ್ತಿನ ಸಮಸ್ಯೆಯೇ ಅಲ್ಲದಿರಬಹುದು

ನಿದ್ದೆ ಐದು ಗಂಟೆಗೆ ಇಳಿದಿದ್ದರೆ ಮೊದಲು ಅದನ್ನು ಸರಿಮಾಡಿ. ಮನೆಯ ಹೊಣೆಗಳು ಮಿತಿ ಮೀರಿದ್ದರೆ ಗುರಿಯನ್ನು ಅರ್ಧಕ್ಕೆ ಇಳಿಸಿ. ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಆಸಕ್ತಿ ಇಲ್ಲ, ಮನಸ್ಸು ಸದಾ ಭಾರ, ನಿದ್ದೆ ಹಸಿವು ಏರುಪೇರಾಗಿದೆ ಎಂದಾದರೆ ವೈದ್ಯರನ್ನು ಕಾಣಿ. ಅಂಥ ಹೊತ್ತಿನಲ್ಲಿ ಇನ್ನಷ್ಟು ಶಿಸ್ತು ಹೇರಿಕೊಳ್ಳುವುದು ಗಾಯದ ಮೇಲೆ ಬರೆ ಎಳೆದಂತೆ.

ಮೊದಲ ವಾರ

ಒಂದು ರಜೆಯ ದಿನ ಹಂತ 1ರಿಂದ 3ರವರೆಗಿನದನ್ನು ಬರೆದು ಮುಗಿಸಿ, ಒಂದು ಗಂಟೆ ಬೇಕಾಗುತ್ತದೆ. ಅಂದೇ ಕೋಣೆ ಜೋಡಿಸಿ. ಮೊದಲ ಏಳು ದಿನ ಕೆಟ್ಟ ದಿನದ ಅಳತೆ ಮಾತ್ರ ಸಾಕು, ಉತ್ಸಾಹ ಉಕ್ಕಿದರೂ ಅದರ ಎರಡರಷ್ಟು ಮೀರಬೇಡಿ. ದಿನಾ ಒಂದೇ ಹೊತ್ತು, ಒಂದೇ ಜಾಗ. ಮಾಡಿದ ದಿನ ಕ್ಯಾಲೆಂಡರಿನಲ್ಲಿ ಒಂದು ಗೀಟು. ನಿಮ್ಮ ಗುರಿಯನ್ನು ಒಬ್ಬರಿಗೆ ಮಾತ್ರ ಹೇಳಿ, ವಾರದ ಕೊನೆಗೆ ಕ್ಯಾಲೆಂಡರ್ ತೋರಿಸುವುದಾಗಿ ಮಾತು ಕೊಡಿ. ಎಂಟನೇ ದಿನ ಅರ್ಧ ಗಂಟೆ ಕೂತು ಗೀಟುಗಳನ್ನು ನೋಡಿ. ಐದೋ ಅದಕ್ಕಿಂತ ಹೆಚ್ಚೋ ಇದ್ದರೆ ಸಮಯವನ್ನು ಸ್ವಲ್ಪ ಹೆಚ್ಚಿಸಿ. ಕಡಿಮೆ ಇದ್ದರೆ ಗುರಿಯನ್ನು ಮುಟ್ಟಬೇಡಿ, ಹೊತ್ತನ್ನು ಅಥವಾ ಜಾಗವನ್ನು ಬದಲಿಸಿ ಇನ್ನೊಂದು ವಾರ ಅದೇ ಅಳತೆಯಲ್ಲಿ ನಡೆಸಿ.